ಸುತಳಿ ಕಟ್ಟಿದ ಕೈ

ನಾನಾ ಪೇಠ, ಪುಣೆ
ತಾ. ೧೭ ಮಾರ್ಚ್ ೧೯೪೪

ಪ್ರೀತಿಯ ಅಣ್ಣ ಫಕೀರಪ್ಪನಿಗೆ ತಂಗಿ ಸಾವಂತ್ರವ್ವನ ಶರಣು ಶರಣಾರ್ಥಿ.

ಗದಗಿನಲ್ಲಿ ನೀನು, ವೈನಿ, ಮಕ್ಕಳು ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ಇತ್ತ ನಾವು ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಬರೆಯಲಾರೆ, ಸುಳ್ಳಾಗುತ್ತದೆ. ನಿನ್ನ ಕಾಗದ ಬಂದು ಭಾಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಅಕ್ಷರ ನೋಡಿ, ಇದು ನಮ್ಮ ಸಾವಂತ್ರಿಯದಲ್ಲ ಎಂದೂ ಅನ್ನಬೇಡ. ಸಾಲು ಓರೆಯಾಗಿದೆ, ಒತ್ತಕ್ಷರ ಒಂದರ ಮೇಲೊಂದು ಬಿದ್ದಿವೆ, ಮಸಿ ಅಲ್ಲಲ್ಲಿ ಒರೆಸಿಹೋಗಿದೆ. ಆದರೂ ಬರೆದವಳು ನಾನೇ, ಯಾರಿಂದಲೂ ಬರೆಸಿಲ್ಲ.

ನಮ್ಮ ಮನೆಯವರು ನಿನಗೆ ಏನು ಬರೆದಿದ್ದಾರೆಂದು ನಿನ್ನ ಕಾಗದದಿಂದಲೇ ತಿಳಿಯಿತು. ಹೆಂಡತಿಗೆ ತಲೆ ಕೆಟ್ಟಿದೆ, ಕಟ್ಟಿಕೊಂಡ ಗಂಡನ ಕಣ್ಣಿಗೆ ಖಾರದ ಪುಡಿ ಎರಚಿ, ಲಗ್ನಕ್ಕೆ ಬಂದ ಮಗಳನ್ನು ಎಳೆದುಕೊಂಡು ಹಾದಿ ಹಿಡಿದಳು, ಇಷ್ಟು ತಾನೆ? ಖಾರ ಎರಚಿದ್ದು ಖರೆ. ಹಿಡಿ ತುಂಬ ಎರಚಿದೆ. ಬ್ಯಾಡಗಿ ಮೆಣಸಿನಕಾಯಿಯಾದ್ದರಿಂದ ಬಣ್ಣವೇ ಹೆಚ್ಚು, ಉರಿ ಕಡಿಮೆ. ಗುಂಟೂರಿನದು ಕೈಗೆ ಸಿಕ್ಕಿದ್ದರೆ ಅದನ್ನೇ ಎರಚುತ್ತಿದ್ದೆ.

ನೀನು ಬರೆದಿದ್ದೀಯ: "ಈರಬಸಪ್ಪನವರ ಕಾಲು ಹಿಡಿದು ಮನೆಗೆ ಹೋಗು. ಹುಡುಗಿಯನ್ನು ನನ್ನ ಹತ್ತಿರ ಕಳಿಸು. ಚಿಕ್ಕಂದಿನಲ್ಲೇ ತಿದ್ದಬೇಕಿತ್ತು, ನೀನು ತಿದ್ದಲಿಲ್ಲ. ಈಗ ನಾನು ತಿದ್ದಿ ಇಂದಾಪುರದವರಿಗೇ ಕೊಟ್ಟು ಲಗ್ನ ಮಾಡುತ್ತೇನೆ." ಯುಗಾದಿ ಮುಗಿಯುತ್ತಲೇ ಕರೆದೊಯ್ಯಲು ನೀನೇ ಬರುತ್ತೀಯಂತೆ. ಅಣ್ಣಾ, ನೀನು ಒಂದೇ ಕಡೆಯ ಮಾತು ಕೇಳಿದ್ದೀಯ. ರೈಲು ಹತ್ತುವ ಮೊದಲು ನನ್ನದನ್ನೂ ಕೇಳು.

ನಮ್ಮ ಶಿವಗಂಗಿ ಹುಟ್ಟಿನಿಂದ ಎಡಚಿ. ಊಟ ಒಂದನ್ನು ಮುದ್ದು ಮಾಡಿ ಬಲಗೈಗೆ ತಂದೆ. ಕಸ ಹೊಡೆಯುವುದು, ಹೂ ಕಟ್ಟುವುದು, ಸೂಜಿ ಹಿಡಿಯುವುದು ಎಲ್ಲ ಎಡಗೈಯೇ. ಮುಂಜಾನೆಯಿಂದ ಸಂಜೆಯವರೆಗೆ ಮೆಣಸಿನಕಾಯಿ ಅಂಗಡಿಯಲ್ಲಿ ಕೂರುವ ನಮ್ಮ ಮನೆಯವರಿಗೆ ಅದು ಯಾವತ್ತೂ ಕಣ್ಣಿಗೆ ಬಿದ್ದಿರಲಿಲ್ಲ. ಭವಾನಿ ಪೇಠಿನ ನಮ್ಮ ವಾಡೆಯ ಹಿಂದಿನ ಖೋಲಿಯಲ್ಲಿ ಗೋವೆಯ ಕ್ರಿಸ್ತರವನೊಬ್ಬ ಬಾಡಿಗೆಗಿದ್ದ, ಕಾಯತಾನ ಎಂದು ಹೆಸರು. ಕ್ಯಾಂಪಿನಲ್ಲಿ ಸಾಹೇಬರು ಕುಣಿಯುವಲ್ಲಿ ಗಿಟಾರ್ ನುಡಿಸುತ್ತಿದ್ದ. ನಮ್ಮ ಹಳೆಯ ತಂಬೂರಿಯ ತಮ್ಮನ ಹಾಗೆ, ಮರದ ಹೊಟ್ಟೆ, ಉದ್ದ ಕತ್ತು, ಆರು ತಂತಿ. ಅವನು ಅಂಗಳದ ಕಟ್ಟೆಯ ಮೇಲೆ ಕೂತು ನುಡಿಸುವುದು, ಇವಳು ಎದುರಿನ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತ ನೋಡುವುದು. ಎರಡು ವರ್ಷದ ಹಿಂದೆ ಅವನು ಪಲ್ಟಣದ ಬ್ಯಾಂಡಿಗೆ ಸೇರಿ ಲಡಾಯಿಗೆ ಹೋದ. ಹೋಗುವಾಗ ಗಿಟಾರನ್ನು ತಂದು ಇವಳ ಮುಂದಿಟ್ಟು, "ಬಾಯಿ, ಪೆಟ್ಟಿಗೆಯಲ್ಲಿಟ್ಟರೆ ಹುಳ ಹಿಡಿಯುತ್ತದೆ, ನುಡಿಸುತ್ತಿದ್ದರೆ ಉಳಿಯುತ್ತದೆ" ಎಂದ.

ಅಷ್ಟೇ ಸಾಕಾಯಿತು ಹುಡುಗಿಗೆ. ನಮ್ಮ ಮನೆಯವರು ಅಂಗಡಿಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಕೂತುಬಿಡುವಳು. ಎದುರು ಕೂತು ನೋಡಿ ಕಲಿತವಳಲ್ಲವೇ, ಅವನ ಬಲಗೈ ಇವಳ ಎಡಗೈ ಕಡೆ. ಕನ್ನಡಿ ನೋಡಿದ ಹಾಗೆ ವಾದ್ಯವನ್ನು ತಿರುವಿ ಹಿಡಿದಳು. ದಪ್ಪ ತಂತಿ ಕೆಳಗೆ ಬಂತು, ಸಣ್ಣದು ಮೇಲೆ ಹೋಯಿತು. ಹಾಗೇ ತಡಕಾಡಿ, ತಪ್ಪಿ, ಮತ್ತೆ ಹುಡುಕಿ, ಕೊನೆಗೆ ಎದುರಿನ ಇರಾಣಿ ಹೋಟೆಲಿನ ರೇಡಿಯೋದಲ್ಲಿ ಬಂದ ಧಾಟಿಯನ್ನು ಅರ್ಧ ತಾಸಿನಲ್ಲಿ ಕೈಗೆ ತಂದುಕೊಳ್ಳುವಳು. ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಅಣ್ಣಾ, ನನಗೆ ಸಂಗೀತ ತಿಳಿಯದು. ಆದರೆ ಅವಳು ನುಡಿಸುವಾಗ ನನ್ನ ಕೈ ಹಿಟ್ಟಿನಲ್ಲೇ ನಿಂತುಬಿಡುತ್ತಿತ್ತು.

ಮಾಸ್ತರರನ್ನು ಗೊತ್ತು ಮಾಡಿ ಎಂದು ಮೊದಲು ಕೇಳಿದವಳೂ ಅವಳೇ. ಅದನ್ನು ನಿನಗೆ ಯಾರೂ ಬರೆದಿರಲಿಕ್ಕಿಲ್ಲ. "ಅವ್ವಾ, ನನಗ ತಿಳೀದ್ದು ಭಾಳ ಅದ. ಬೆರಳು ಎಲ್ಲಿಡಬೇಕು ಅಂತ ಹುಡುಕೋದ್ರಾಗ ಆಯುಷ್ಯ ಹೋಗ್ತದ. ತಿಳಿದವರು ಒಂದ್ ಮಾತು ಹೇಳಿದ್ರ ಮುಗೀತದಲಾ" ಎಂದಳು. ಅದೇ ಹೊತ್ತಿಗೆ ಇಂದಾಪುರದ ಬೆಲ್ಲದ ವ್ಯಾಪಾರಿಗಳ ಮನೆಯಿಂದ ಮಾತು ಬಂತು. ಹುಡುಗ ವಕೀಲಿ ಓದುತ್ತಿದ್ದಾನೆ, ಸಂಗೀತದ ಹುಚ್ಚು. ಈ ಊರಿನಲ್ಲಿ ಕನ್ಯೆ ನೋಡಲು ಬಂದವರು ಬಾಜಾಪೆಟ್ಟಿಗೆಯನ್ನೋ ಸಿತಾರನ್ನೋ ನುಡಿಸು ಎನ್ನುವುದು ಈಗ ರೂಢಿ. ನಮ್ಮ ಮನೆಯವರು ಹಿಗ್ಗಿ ಹೀರೇಕಾಯಿಯಾದರು. ಸದಾಶಿವ ಪೇಠಿನಿಂದ ಮಾರ್ತಾಂಡ ಮಾಸ್ತರರನ್ನು ಕರೆತಂದರು. ಸಿತಾರಿನಲ್ಲಿ ಅವರದು ದೊಡ್ಡ ಹೆಸರು. ತಂತಿ ವಾದ್ಯ ಯಾವುದಾದರೇನು, ಆ ಫಿರಂಗಿ ವಾದ್ಯವನ್ನೂ ದಾರಿಗೆ ತರುತ್ತೇನೆ ಎಂದರು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು: ವಿದ್ಯೆಯಲ್ಲಿ ಅವರು ದೊಡ್ಡವರೇ. ಮೊದಲ ದಿನ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿ ಹಿಂಡಿದ ಹಾಗೆ ಒಂದೊಂದೇ ಬಿರಡೆ ತಿರುವಿ ಶ್ರುತಿ ಮಾಡಿದರು. ಆರೂ ತಂತಿ ಒಟ್ಟಿಗೆ ನುಡಿದಾಗ ಶಿವಗಂಗಿಯ ಕಣ್ಣಲ್ಲಿ ನೀರು ಬಂತು. "ಅವ್ವಾ, ಇಷ್ಟು ದಿನ ನಾ ಹರಕ ಅರಿವಿ ಹೊಲಿಯಾಕತ್ತಿದ್ದೆ ನೋಡು" ಎಂದಳು. ಆಮೇಲೆ ಮಾಸ್ತರರು, ಎಲ್ಲಿ, ನೀನು ನುಡಿಸು ನೋಡೋಣ ಎಂದು ಕೊಟ್ಟರು. ಇವಳು ತಿರುವಿ ಹಿಡಿದು ಎಡಗೈ ಎತ್ತಿದಳು.

"ಡಾವಾ ಹಾತ್?" ಎಂದು ಹಾವು ಕಂಡವರ ಹಾಗೆ ಚೀರಿದರು. ಎಡಗೈಯೇ ಎಂದು. ಕೈಲಿದ್ದ ಬೆತ್ತ ಆಗಲೇ ಬಿದ್ದಿತ್ತು, ಗೆಣ್ಣಿನ ಮೇಲೆ. ಗುರು ಇಲ್ಲದೆ ಕಲಿತರೆ ಹೀಗೇ, ತೊಳೆದುಕೊಳ್ಳುವ ಕೈಯಿಂದ ಸರಸ್ವತಿಯನ್ನು ಮುಟ್ಟುತ್ತಾಳೆ ಎಂದರು. ಕೈ ಬದಲಾಗುವ ತನಕ ಶಿಷ್ಯಳೆಂದು ಗಂಡಾ ಕಟ್ಟುವುದಿಲ್ಲ, ಆ ದಾರ ಬಲಗೈಯಲ್ಲಿ ನುಡಿಸುವವರಿಗೆ ಮಾತ್ರ ಎಂದರು. ತಮ್ಮ ಕಿರುಬೆರಳನ್ನು ನನಗೆ ತೋರಿಸಿದರು, ಕೊಕ್ಕೆಯ ಹಾಗೆ ಬಾಗಿತ್ತು. "ನೋಡ್ರಿ ಬಾಯಿ, ನಮ್ಮ ಗುರುಗಳು ಮುರಿದ ಬೆರಳು ಇದು. ಆದ್ದರಿಂದಲೇ ನಾನು ಇವತ್ತು ಮಾರ್ತಾಂಡ" ಎಂದು ಬಂಗಾರದ ಉಂಗುರ ತೋರಿಸುವವರ ಹಾಗೆ ತೋರಿಸಿದರು.

ಅಂದಿನಿಂದ ದಿನಾ ಬೆತ್ತ. ಬಲಗೈಯಲ್ಲಿ ಮೀಟು ಎಂದರೆ ಬಲಗೈ ಮೊಂಡ. ಹುಡುಗಿ ಹಲ್ಲು ಕಚ್ಚಿ ಬಲಗೈಯಲ್ಲೇ ನುಡಿಸಲು ನೋಡುವಳು, ಮರೆತ ಗಳಿಗೆಯಲ್ಲಿ ಎಡಗೈ ತಾನೇ ತಂತಿಗೆ ಬರುವುದು, ಬೆತ್ತ ಬೀಳುವುದು. ಗೆಣ್ಣು ಬಾತು ಬದನೆಕಾಯಿಯ ಬಣ್ಣಕ್ಕೆ ತಿರುಗಿದವು. ನಾನು ಅರಿಸಿನ ಹಚ್ಚುತ್ತ, "ಸಾಕು ಬಿಡವ್ವಾ ಇವರ ಪಾಠ" ಎಂದರೆ, "ಇಲ್ಲವ್ವಾ, ಅವರಿಗೆ ಗೊತ್ತಿದ್ದದ್ದು ನನಗ ಬೇಕು" ಎನ್ನುವಳು. ಒಂದು ದಿನ ನಮ್ಮ ಮನೆಯವರೇ ಅಂಗಡಿಯಿಂದ ಮೆಣಸಿನಕಾಯಿ ಚೀಲ ಹೊಲಿಯುವ ಸುತಳಿ ತಂದರು. ಮಗಳ ಎಡಗೈಯನ್ನು ಬೆನ್ನ ಹಿಂದೆ ಕಿಟಕಿಯ ಸರಳಿಗೆ ಬಿಗಿದರು. ತಂತಿ ಒತ್ತಲು ಇನ್ನೊಂದು ಕೈ ಬೇಕಲ್ಲ ಎಂಬ ಬುದ್ಧಿಯೂ ಇಲ್ಲ! ಬರೀ ಮೀಟುವುದನ್ನು ಕಲಿಯಲಿ ಎಂದು ಮಾಸ್ತರರು ತಲೆಯಾಡಿಸಿದರು. ಸಂಜೆ ನಾನು ಸುತಳಿ ಬಿಚ್ಚಿದಾಗ ಮಣಿಕಟ್ಟಿನ ಚರ್ಮ ಅದರ ಜೊತೆಗೇ ಬಂತು.

ಇಲ್ಲಿಗೆ ಬರೆದು ನಿಲ್ಲಿಸಿದ್ದೆ. ಕೈ ಸೋತಿತ್ತು, ಸಿಟ್ಟೂ ನೆತ್ತಿಗೇರಿತ್ತು. ಗಂಗೂಬಾಯಿ ಚಹಾ ಕೊಟ್ಟಳು. ಗಂಗೂಬಾಯಿ ಯಾರೆಂದರೆ, ಶಿವಗಂಗಿ ಹುಟ್ಟಿದಾಗ ನನ್ನ ಬಾಣಂತನ ಮಾಡಿದ ಸೂಲಗಿತ್ತಿ. ಈಗ ನಾವಿಬ್ಬರೂ ಇರುವುದು ನಾನಾ ಪೇಠಿನ ಅವಳ ಖೋಲಿಯಲ್ಲೇ. ರೇಷನ್ನಿನ ಸಕ್ಕರೆಯನ್ನು ನಮಗೇ ಸುರಿಯುತ್ತಿದ್ದಾಳೆ, ಪುಣ್ಯಾತ್ಗಿತ್ತಿ.

ಇನ್ನು ಆ ದಿನದ್ದು. ಮಧ್ಯಾಹ್ನ ಇಂದಾಪುರದವರು ಬರುವವರಿದ್ದರು. ಮುಂಜಾನೆ ನಮ್ಮ ಮನೆಯವರು ಪೂಜೆಗೆ ಕೂತಿದ್ದರು. ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಕಣ್ಣು ಅರೆ ಮುಚ್ಚಿದ್ದರು. ಒಳಗಿನ ಕೋಣೆಯಲ್ಲಿ ಶಿವಗಂಗಿ ಬಲಗೈಯಲ್ಲಿ ನುಡಿಸುತ್ತಿದ್ದಳು, ಕುಂಟ ಎತ್ತು ಏರು ಹತ್ತಿದ ಹಾಗೆ. ಸ್ವಲ್ಪ ಹೊತ್ತಿಗೆ ನಿಂತಿತು. ಆಮೇಲೆ ಶುರುವಾಯಿತು ನೋಡು, ಇಡೀ ವಾಡೆ ಕಿವಿಯಾಯಿತು. ಮಾಸ್ತರರು ಮಾಡಿದ ಶ್ರುತಿ, ಅವರು ಹೇಳಿಕೊಟ್ಟ ಬೆರಳು, ಆದರೆ ಕೈ ಮಾತ್ರ ಅವಳದು. ಅಷ್ಟು ಚಂದ ಅವಳು ಯಾವತ್ತೂ ನುಡಿಸಿರಲಿಲ್ಲ. ಎಡಗೈ ಎಂದು ಕೇಳಿದ ಕೂಡಲೇ ತಿಳಿಯುವಂತಿತ್ತು.

ನಮ್ಮ ಮನೆಯವರು ಕಣ್ಣು ತೆರೆದರು. ಅವಸರ ಮಾಡಲಿಲ್ಲ. ಲಿಂಗವನ್ನು ಒರೆಸಿ, ಅರಿವೆಯಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು, ಕೊರಳಿಗೆ ಹಾಕಿಕೊಂಡರು. ಆಮೇಲೆ ಅಡುಗೆಮನೆಗೆ ಬಂದು ಕಬ್ಬಿಣದ ಸವುಟನ್ನು ಸಿಗಡಿ ಒಲೆಯ ಕೆಂಡದಲ್ಲಿಟ್ಟರು.

"ಏನ್ ಮಾಡಾಕತ್ತೀರಿ?" ಎಂದೆ.

"ಇನ್ನ ಬೆತ್ತದ್ದು ಸಾಕು. ಅಂಗೈಗೆ ಒಂದು ಬರೆ ಎಳದ್ರ ಆ ಕೈ ಮತ್ತ ತಂತಿ ಮುಟ್ಟೂದಿಲ್ಲ. ಬೀಗರ ಮುಂದ ನನ್ನ ಮಾರಿ ಉಳೀಬೇಕು" ಎಂದರು. ಜ್ವಾಳದ ದರ ಹೇಳುವಷ್ಟು ತಣ್ಣಗಿತ್ತು ಧ್ವನಿ.

ಆ ಹೊತ್ತಿಗೆ ಮಾರ್ತಾಂಡ ಮಾಸ್ತರರೂ ಬಂದರು. ಇಬ್ಬರೂ ಕೂಡಿ ಹುಡುಗಿಯನ್ನು ಅಡುಗೆಮನೆಗೆ ಎಳೆತಂದರು. ಮಾಸ್ತರರು ಅವಳ ಎಡಗೈಯನ್ನು ಒಳಕಲ್ಲಿನ ಮೇಲೆ ಅಂಗೈ ಮೇಲಾಗಿ ಒತ್ತಿ ಹಿಡಿದರು. "ಅಪ್ಪಾ, ಬ್ಯಾಡೋ ಅಪ್ಪಾ, ಬಲಗೈಲೇ ನುಡಸ್ತೀನಿ, ನುಡಸೂದೇ ಬಿಡ್ತೀನಿ" ಎಂದು ಅವಳು ಹೊರಳಾಡಿದಳು. ಸವುಟು ಕೆಂಪಗಾಗಿತ್ತು. ನಾನು ನಡುವೆ ನಿಂತೆ.

"ಈಗ ಲಿಂಗಾ ಯಾವ ಕೈಯಾಗ ಇಟಗೊಂಡಿದ್ರಿ?" ಎಂದು ಕೇಳಿದೆ.

ಅವರು ಸವುಟನ್ನು ಕೆಂಡದಿಂದ ಎತ್ತಿದರು.

"ಹೇಳ್ರಿ. ದಿನಾ ಮುಂಜಾನೆ ಶಿವನ್ನ ಯಾವ ಅಂಗೈ ಮ್ಯಾಲ ಕುಂದ್ರಸ್ತೀರಿ? ಎಡಗೈ ಮ್ಯಾಲ. ನಮ್ಮ ಅಪ್ಪ, ನಿಮ್ಮ ಅಪ್ಪ, ಊರ ಸ್ವಾಮಿಗಳು, ಎಲ್ಲಾರೂ ಎಡಗೈ ಮ್ಯಾಲ. ದೇವರು ಕುಂದ್ರೂ ಕೈ ತಂತಿ ಮುಟ್ಟಿದ್ರ ಮೈಲಿಗಿ ಆಗ್ತದೇನು? ಈ ಮಾಸ್ತರಗ ನಮ್ಮ ಲಿಂಗಪೂಜಿ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲೇನ್ರಿ?"

ಕೈ ನಿಂತಿತು, ಅಣ್ಣಾ. ಒಂದು ಗಳಿಗೆ ನಿಂತಿತು. ಸವುಟು ಕೆಳಗೆ ಬಿತ್ತು. ಗೆದ್ದೆ ಎಂದುಕೊಂಡೆ. ಹೆಂಗಸಿನ ಮಾತಿಗೆ, ಅದೂ ಪರರ ಮುಂದೆ, ಉತ್ತರ ಸಿಗದ ಗಂಡಸು ಏನು ಮಾಡುತ್ತಾನೆ ಎಂಬುದನ್ನು ಮರೆತಿದ್ದೆ. ಬಾಗಿಲ ಬಳಿ ಬಿದ್ದಿದ್ದ ಗಿಟಾರನ್ನು ಕತ್ತು ಹಿಡಿದು ಎತ್ತಿದರು. "ಈ ಕೈನ ಇರಬಾರದು!" ಎಂದು ಒಳಕಲ್ಲಿನ ಮೇಲಿದ್ದ ಮಗಳ ಕೈಗೆ ಕೊಡಲಿ ಬೀಸಿದ ಹಾಗೆ ಬೀಸಿದರು. ನನ್ನ ಬಲಗೈ ಅಡ್ಡ ಹೋಯಿತು. ಲಟ್ ಎಂದಿತು. ಗಿಟಾರ್ ಮುರಿಯಿತು ಎಂದುಕೊಂಡೆ. ಮುರಿದದ್ದು ನನ್ನ ಮುಂಗೈ. ಗಿಟಾರಿನ ಹೊಟ್ಟೆ ಒಂದು ಗೆರೆ ಬಿಟ್ಟಿತು, ಅಷ್ಟೇ. ಗಟ್ಟಿ ಮರ ಅದು, ನನ್ನ ಎಲುಬಿಗಿಂತ.

ಶಿವಗಂಗಿ ಕಚ್ಚಿದಳು. ಮಾಸ್ತರರ ಆ ಕೊಕ್ಕೆ ಬೆರಳನ್ನೇ ಬಾಯಿಗೆ ಹಾಕಿಕೊಂಡು, ರಕ್ತ ಗಲ್ಲಕ್ಕೆ ಇಳಿಯುವ ತನಕ ಬಿಡಲಿಲ್ಲ. ಅವರು ಇನ್ನೊಂದು ಕೈಯಿಂದ ಅವಳ ಕೂದಲು ಹಿಡಿದು ಗೋಡೆಗೆ ಬಡಿದರು. ನಮ್ಮ ಮನೆಯವರು ಗಿಟಾರನ್ನು ಮತ್ತೆ ಎತ್ತಿದ್ದರು. ಒಳಕಲ್ಲಿನ ಪಕ್ಕ ಮೊರದಲ್ಲಿ ಆಗಷ್ಟೇ ಕುಟ್ಟಿದ ಖಾರದ ಪುಡಿ. ನನ್ನ ಇನ್ನೊಂದು ಕೈ ತಾನಾಗಿ ಹೋಗಿ ತುಂಬಿಕೊಂಡಿತು. ಮೊದಲು ಅವರಿಗೆ, ಆಮೇಲೆ ಮಾಸ್ತರರಿಗೆ. ಇಬ್ಬರೂ ನೆಲಕ್ಕೆ ಬಿದ್ದು ಊಳಿಟ್ಟರು. ನಾನು ಮಗಳನ್ನು ಎಳೆದುಕೊಂಡು, ಮಗಳು ಗಿಟಾರನ್ನು ಎತ್ತಿಕೊಂಡು, ಸೀನುತ್ತ ಅಳುತ್ತ ಗಂಗೂಬಾಯಿಯ ಖೋಲಿಯ ತನಕ ಓಡಿದೆವು. ಹಾದಿಯಲ್ಲಿ ಜನ ನಿಂತು ನೋಡಿದರು. ನೋಡಲಿ.

ಆಸ್ಪತ್ರೆಯಲ್ಲಿ ಎಲುಬು ಕೂಡಿಸಿ ಬಲಗೈಗೆ ಪಟ್ಟಿ ಹಾಕಿದ್ದಾರೆ. ಬೆರಳು ಮೊದಲಿನ ಹಾಗೆ ಮಡಿಚುವುದು ಕಷ್ಟ ಎಂದರು. ಶಿವಗಂಗಿಯ ತಲೆಗೆ ಹೊಲಿಗೆ ಬಿದ್ದಿದೆ. ಇಂದಾಪುರದವರು ಹೇಳಿದ ಹೊತ್ತಿಗೆ ಬಂದರಂತೆ. ಮನೆಯ ತುಂಬ ಖಾರದ ಘಾಟು, ಟೊಮೆಟೊ ಹಣ್ಣಿನಂಥ ಕಣ್ಣಿನ ಇಬ್ಬರು ಗಂಡಸರು, ಕನ್ಯೆಯೇ ಇಲ್ಲ. ಹುಡುಗನ ತಾಯಿ ಆಮೇಲೆ ಹೇಳಿ ಕಳಿಸಿದರು: ಹುಡುಗಿಯ ಕೈ ಯಾವುದಾದರೂ ನಡೆದೀತು, ಆದರೆ ಅಂಥ ತಾಯಿಯ ಮಗಳು ಬೇಡ. ಕೇಳಿ ಗಂಗೂಬಾಯಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ನಮ್ಮ ಮನೆಯವರು ಒಮ್ಮೆ ಇಲ್ಲಿಗೂ ಬಂದಿದ್ದರು. ಹೊಸ್ತಿಲಾಚೆ ನಿಂತು, "ಆಗಿದ್ದಾತು, ಮನೀಗಿ ನಡಿ. ಕೈ ನೋವು ಐತೇನು?" ಎಂದರು. ಧ್ವನಿ ಮೆತ್ತಗಿತ್ತು, ನಾನು ಕರಗುತ್ತಿದ್ದೆನೋ ಏನೋ. "ಫಕೀರಪ್ಪನವರು ಬರ್ತಾರ, ಹುಡುಗಿದ್ದು ಅವರು ನೋಡ್ಕೋತಾರ" ಎಂದು ಕೂಡಿಸಿದರು. ಬಾಗಿಲು ಮುಚ್ಚಿದೆ.

ನಿನ್ನೆ ಶಿವಗಂಗಿ ಗಿಟಾರಿನ ಗೆರೆಗೆ ಅಂಟು ಹಚ್ಚಿ, ಆರೂ ತಂತಿಗಳನ್ನು ಬಿಚ್ಚಿದಳು. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ ಮತ್ತೆ ಕಟ್ಟಿದಳು. ಮಾಸ್ತರರು ಕಲಿಸಿದ ಹಾಗೆ ಬಿರಡೆ ತಿರುವಿ ಶ್ರುತಿ ಮಾಡಿದಳು. ಈಗ ಅದು ಎಡಗೈಯವರ ವಾದ್ಯ. ಗಂಗೂಬಾಯಿಯ ಚಹಾ ಆರುವಷ್ಟರಲ್ಲಿ ಮುಗಿಯಿತು ಕೆಲಸ. "ಅವ್ವಾ, ಇಷ್ಟ ಇತ್ತು ನೋಡು. ಇಷ್ಟಕ್ಕ ನಿನ್ನ ಕೈ ಹೋತು" ಎಂದು ನನ್ನ ಪಟ್ಟಿಯ ಮೇಲೆ ತಲೆಯಿಟ್ಟು ಅತ್ತಳು. ಇನ್ನೂ ಕಲಿಯಬೇಕಂತೆ, ಹೇಳಿಕೊಡುವವರು ಬೇಕಂತೆ. ಹೊಡೆಯದವರು ಸಿಕ್ಕರೆ ಹುಡುಕಿ ಕೊಡುತ್ತೇನೆ ಎಂದಿದ್ದೇನೆ.

ಆದ್ದರಿಂದ ಅಣ್ಣಾ, ಮಗಳನ್ನು ಗದಗಿಗೆ ಕಳಿಸುವುದಿಲ್ಲ. ನೀನು ಬಂದರೆ ರೊಟ್ಟಿ, ಎಣ್ಣಿಗಾಯಿ ಮಾಡಿಸಿ ಹಾಕುತ್ತೇನೆ, ಉಂಡು ಹೋಗು. ಕರೆದೊಯ್ಯುವ ಮಾತು ಎತ್ತಬೇಡ. ವೈನಿಗೆ ನನ್ನ ಶರಣು, ಮಕ್ಕಳಿಗೆ ಆಶೀರ್ವಾದ. ಶಿವ ಎಲ್ಲರ ಅಂಗೈಯನ್ನೂ ತಂಪಾಗಿಟ್ಟಿರಲಿ.

ಇಂತಿ ನಿನ್ನ ತಂಗಿ,
ಸಾವಂತ್ರವ್ವ

ತಾ.ಕ.: ಸಹಿ ಮಾಡಿ ಮಡಿಚಿದ್ದೆ, ಮತ್ತೆ ಬಿಚ್ಚಿದೆ. ಚಿಕ್ಕಂದಿನಲ್ಲೇ ತಿದ್ದಬೇಕಿತ್ತು ಎಂದು ಬರೆದೆಯಲ್ಲ, ಆ ಒಂದು ಸಾಲಿಗೆ ಉತ್ತರ ಬರೆಯದೆ ಕಾಗದ ಕಳಿಸಲಾರೆ. ಅಣ್ಣಾ, ನನ್ನನ್ನು ತಿದ್ದಿದ್ದು ನೆನಪಿದೆಯೇ? ನಾನೂ ಎಡಚಿಯಾಗಿದ್ದೆ. ಶಿವಗಂಗಿಗೆ ಅದು ನನ್ನಿಂದಲೇ ಬಂದದ್ದು. ಗದಗಿನ ಹಿತ್ತಲ ಒಲೆ, ಅಪ್ಪನ ಕೈಯಲ್ಲಿ ಸವುಟು. ನನಗೆ ಏಳು ವರ್ಷ. ಅಪ್ಪ ಕೈ ಹಿಡಿದಿದ್ದ, ನೀನು ನನ್ನ ಕಾಲು ಹಿಡಿದಿದ್ದೆ. ನಾನು ಅಪ್ಪನನ್ನು ಕರೆಯಲಿಲ್ಲ, "ಅಣ್ಣಾ, ಬಿಡೋ ಅಣ್ಣಾ" ಎಂದು ನಿನ್ನನ್ನೇ ಕರೆದೆ. ನೀನು ಇನ್ನೂ ಬಿಗಿಯಾಗಿ ಹಿಡಿದೆ. ಆ ವಾರವೇ ನನ್ನ ಲಿಂಗದೀಕ್ಷೆ ಇತ್ತು. ಅಯ್ಯನವರು ಎಡಗೈ ಚಾಚು ಮಗಳೇ ಎಂದರು. ಬೊಬ್ಬೆ ಇನ್ನೂ ಒಡೆದಿರಲಿಲ್ಲ, ಅದರ ಮೇಲೆಯೇ ಲಿಂಗ ಇಟ್ಟರು. ನಾನು ಚೀರಿದೆ, ಕೂತವರೆಲ್ಲ ಎಂಥ ಭಕ್ತಿ ಎಂದರು. ಇವತ್ತಿಗೂ ಮುಂಜಾನೆ ಲಿಂಗ ಆ ಕಲೆಯ ಮೇಲೆಯೇ ಕೂರುತ್ತದೆ. ಅಪ್ಪ ಸುಟ್ಟದ್ದನ್ನು ಮರೆತಿದ್ದೇನೆ. ನೀನು ಹಿಡಿದದ್ದನ್ನು ಮರೆತಿಲ್ಲ. ನನ್ನ ಬಲಗೈ ಪಟ್ಟಿಯಲ್ಲಿದೆ ಎಂದು ಬರೆದೆನಲ್ಲ. ಈ ಕಾಗದವನ್ನು ನೀವು ತಿದ್ದಿದ ಆ ಕೈಯಿಂದ ಬರೆದಿದ್ದೇನೆ. ಅದಕ್ಕೆ ಇದುವರೆಗೆ ಒಂದು ಅಕ್ಷರವನ್ನೂ ಯಾರೂ ಕಲಿಸಿರಲಿಲ್ಲ. ನಿನಗೆ ಓದಲಿಕ್ಕೆ ಬಂತೋ ಇಲ್ಲವೋ, ಅಷ್ಟನ್ನು ತಿಳಿಸು.